ಕೆಂಪು ಎಳೆ ಇಲ್ಲದ ಬಟ್ಟೆ

ದಾವಣಗೆರೆಯಲ್ಲಿ ಬಟ್ಟೆ ಚೀಲ ಹೊಲಿಯುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಆನೆಕೊಂಡದ ಶಾಂತಕುಮಾರಿಯ ಚೀಲವನ್ನು ಒಮ್ಮೆ ಹಿಡಿದವರು ಇನ್ನೊಂದನ್ನು ಕೇಳುವುದಿಲ್ಲ. ಹತ್ತು ಕೆಜಿ ಅಕ್ಕಿ ತುಂಬಿ ಮೂರು ಸಲ ಮಾಯಕೊಂಡಕ್ಕೆ ಹೋಗಿ ಬಂದರೂ ಅದರ ಹಿಡಿಕೆ ಕಿತ್ತು ಬರುವುದಿಲ್ಲ. ಹಿಡಿಕೆ ಕೂಡುವ ಕಡೆ ಚೌಕಾಕಾರದ ಹೊಲಿಗೆ, ಅದರೊಳಗೆ ಎರಡು ಅಡ್ಡ ಹೊಲಿಗೆ, ಮೇಲೆ ಇನ್ನೊಂದು ಸುತ್ತು. ಅವಳ ಎದುರು ಮನೆಯಲ್ಲಿ ಸೀರೆಗೆ ಫಾಲ್ ಹಚ್ಚುವ ಸುಧಾ ನಾನು. ಇಪ್ಪತ್ತು ವರ್ಷದಿಂದ ಶಾಂತಕ್ಕನ ಮಿಷನ್ನಿನ ಸದ್ದಿಗೇ ನನಗೆ ಬೆಳಗಾಗುತ್ತದೆ.

ಅವಳ ಬಗ್ಗೆ ಬರೆಯಲು ಕೂತರೆ ಚೀಲದ ವಿಷಯ ಹೇಳಿ ಮುಗಿಸಬಹುದಿತ್ತು. ಆದರೆ ಹೋದ ಬೇಸಿಗೆಯಲ್ಲಿ ಆ ಮನೆಯಲ್ಲಿ ನಡೆದದ್ದನ್ನು ಬಿಟ್ಟು ಬರೆದರೆ ಅದು ಅವಳ ಕಥೆ ಆಗುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ನಾನು ದೆವ್ವ ಗಿವ್ವ ನಂಬುವವಳಲ್ಲ. ನಮ್ಮ ಓಣಿಯಲ್ಲಿ ಬದುಕಿರುವವರ ಕಾಟವೇ ಸಾಕಷ್ಟಿದೆ. ಯಾರಾದರೂ ಮೈಮೇಲೆ ಬಂತು ಅಂದರೆ ಮೊದಲು ಒಂದು ಚೊಂಬು ನೀರು ಕುಡಿಸಿ ನೋಡಿ ಅನ್ನುವ ಪೈಕಿ ನಾನು.

ಶಾಂತಕ್ಕನ ಚೀಲ ಅಷ್ಟು ಗಟ್ಟಿ ಇರುವುದಕ್ಕೆ ಅರ್ಧ ಕಾರಣ ಅವಳ ಹೊಲಿಗೆ, ಇನ್ನರ್ಧ ಕಾರಣ ಬಟ್ಟೆ. ಆ ಬಟ್ಟೆ ನೇಯುತ್ತಿದ್ದವಳು ಅವಳ ಅಕ್ಕ ಹಾಲಮ್ಮ. ಹಾಲಮ್ಮ ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಅಪ್ಪನ ಮನೆಗೆ ಬಂದು, ಅಪ್ಪನ ಮಗ್ಗದಲ್ಲಿ ಕೂತವಳು. ಅದು ಗುಂಡಿ ಮಗ್ಗ. ನೆಲದಲ್ಲಿ ತೋಡಿದ ಗುಂಡಿಗೆ ಕಾಲು ಇಳಿಬಿಟ್ಟು, ಅಂಚಿನಲ್ಲಿ ಗೋಣಿತಟ್ಟು ಹಾಕಿಕೊಂಡು ಕೂರಬೇಕು. ಕಾಲಿನಿಂದ ಹಲಗೆ ತುಳಿಯಬೇಕು, ಕೈಯಿಂದ ಹಗ್ಗ ಎಳೆದು ಲಾಳಿ ಓಡಿಸಬೇಕು. ಅಪ್ಪ ಹೋದ ಮೇಲೆ ಮನೆಯ ನಡುವೆ ಒಂದು ಗೋಡೆ ಎದ್ದಿತು. ಆ ಕಡೆ ಅಕ್ಕ ಮತ್ತು ಮಗ್ಗ, ಈ ಕಡೆ ತಂಗಿ ಮತ್ತು ಹೊಲಿಗೆ ಮಿಷನ್. ಗೋಡೆ ಸೂರಿನ ತನಕ ಏರಲಿಲ್ಲ, ಮೇಲೆ ಎರಡು ಅಡಿ ತೆರೆದೇ ಇತ್ತು. ಇವಳು ಮಿಷನ್ ತುಳಿದರೆ ಅವಳಿಗೆ ಕೇಳಬೇಕು, ಅವಳು ಲಾಳಿ ಓಡಿಸಿದರೆ ಇವಳಿಗೆ ಕೇಳಬೇಕು.

ಆ ಮನೆಯ ಮಗ್ಗಕ್ಕೆ ಅಪ್ಪ ಹಾಕಿಕೊಟ್ಟ ಒಂದು ಪದ್ಧತಿ ಇತ್ತು. ನೇಯುವವರು ಮಗ್ಗದಿಂದ ಏಳುವಾಗ ಅಡ್ಡಕ್ಕೆ ಒಂದು ಕೆಂಪು ಎಳೆ ಹಾಕಿ ಏಳಬೇಕು. ಊಟಕ್ಕೆ ಎದ್ದರೂ ಸರಿ, ನೀರಿಗೆ ಎದ್ದರೂ ಸರಿ. ನಾನು ಎದ್ದಿದ್ದೇನೆ, ಮತ್ತೆ ಬರುತ್ತೇನೆ, ಅಲ್ಲಿಯವರೆಗೆ ಬೇರೆ ಯಾರೂ ಕೈ ಹಾಕಬೇಡಿ ಎಂದು ಅದರ ಅರ್ಥ. ಬಟ್ಟೆ ಪೂರ್ತಿ ಮುಗಿದರೆ ಮಾತ್ರ ಎರಡು ಕೆಂಪು ಎಳೆ. ಎರಡು ಎಳೆ ಕಂಡಲ್ಲಿ ಕತ್ತರಿ ಹಾಕಬಹುದು. ಮನೆಗೆ ಬೆಂಕಿ ಬಿದ್ದರೂ ಎಳೆ ಹಾಕಿಯೇ ಏಳಬೇಕು ಅನ್ನುತ್ತಿದ್ದನಂತೆ ಅಪ್ಪ. ಅದಕ್ಕೆಂದೇ ಮನೆಯಲ್ಲಿ ಬಣ್ಣ ಹಾಕಿದ ಕೆಂಪು ನೂಲು ಸುತ್ತಿದ ಒಂದು ಕಂಡಿಕೆ, ಅಂದರೆ ಬೆರಳುದ್ದದ ಕಡ್ಡಿ, ಹಾಲಮ್ಮನ ಸೊಂಟದಲ್ಲಿ ಸದಾ ಸಿಕ್ಕಿಸಿರುತ್ತಿತ್ತು.

ಚೀಲ ಹೊಲಿಯುವವಳಿಗೆ ಆ ಕೆಂಪು ಎಳೆ ಒಂದು ತಲೆನೋವು. ಬಿಳಿ ಬಟ್ಟೆಯ ನಡುವೆ ಕೆಂಪು ಗೆರೆ ಬಂದರೆ ಗಿರಾಕಿ ಮೂಗು ಮುರಿಯುತ್ತಾನೆ. ಶಾಂತಕ್ಕ ಅಳತೆ ಮಾಡುವಾಗಲೇ ಹುಷಾರಾಗಿ, ಕೆಂಪು ಗೆರೆ ಚೀಲದ ತಳದ ಮಡಿಕೆಯೊಳಗೆ ಬರುವಂತೆ ಕತ್ತರಿಸುತ್ತಿದ್ದಳು. ಊರವರ ಕೈಯಲ್ಲಿ ಓಡಾಡುವ ಅವಳ ಚೀಲಗಳ ತಳ ಬಿಚ್ಚಿದರೆ, ಹಾಲಮ್ಮ ಯಾವಾಗ ಎದ್ದಳು, ಯಾವಾಗ ಕೂತಳು ಅನ್ನುವುದು ಒಳಗೆ ಸಿಗುತ್ತದೆ.

ಅಕ್ಕ ತಂಗಿ ಹನ್ನೊಂದು ವರ್ಷ ಮಾತಾಡಲಿಲ್ಲ. ಅದಕ್ಕೆ ಕಾರಣ ಹರಿಹರದಲ್ಲಿ ನಡೆದ ಒಂದು ಮದುವೆ. ಶಾಂತಕ್ಕನ ಮಗಳು ಪೂಜಾಳನ್ನು ಹರಿಹರದ ಮನೆತನಕ್ಕೆ ಕೊಟ್ಟರು. ತಾಂಬೂಲದ ಚೀಲಕ್ಕೆಂದು ಹಾಲಮ್ಮ ನಾಲ್ಕು ತಿಂಗಳು ಕೂತು, ತಾನೇ ಬಣ್ಣ ಹಾಕಿದ ನೂಲಿನಿಂದ ಕೆಂಪು ಅಂಚಿನ ಬಟ್ಟೆ ನೇಯ್ದುಕೊಟ್ಟಳು. ಶಾಂತಕ್ಕ ಮುನ್ನೂರು ಚೀಲ ಹೊಲಿದಳು. ಕೈಸಹಾಯಕ್ಕೆ ನಾನೂ ಇದ್ದೆ. ಮದುವೆ ದಿನ ಮುತ್ತೈದೆಯರೆಲ್ಲ ಹುಡುಗಿಯ ಸುತ್ತ ಸೇರಿದಾಗ ಹಾಲಮ್ಮನೂ ಖುಷಿಯಿಂದ ಕೈಯಲ್ಲಿ ಅಕ್ಷತೆ ಹಿಡಿದು ಮುಂದೆ ಬಂದಳು. ಬೀಗರ ಕಡೆಯ ಒಬ್ಬ ಹೆಂಗಸು ಮುಖ ಸಿಂಡರಿಸಿದ್ದನ್ನು ಶಾಂತಕ್ಕ ನೋಡಿದಳು.

"ಅಕ್ಕಾ, ನೀನು ಆ ಕಡೆ ನಿಂದ್ರು. ಮುಂದೆ ಬರಬ್ಯಾಡ," ಅಂದಳು.

ಅಂದದ್ದು ಅಷ್ಟೇ. ನಾನು ಪಕ್ಕದಲ್ಲೇ ಇದ್ದೆ, ನನ್ನ ಬಾಯಿಗೂ ಆಗ ಬೀಗ ಬಿದ್ದಿತ್ತು. ಹಾಲಮ್ಮ ಅಕ್ಷತೆಯನ್ನು ತಟ್ಟೆಗೆ ವಾಪಸ್ಸು ಸುರಿದು, ಛತ್ರದಿಂದ ಹೊರಬಿದ್ದು, ದಾವಣಗೆರೆ ಬಸ್ಸು ಹತ್ತಿದಳು. ಊಟ ಮಾಡಲಿಲ್ಲ. ಅಡುಗೆಯವನಿಗೆ, ಡ್ರೈವರಿಗೆ, ಓಲಗದವರಿಗೆ ಎಲ್ಲರಿಗೂ ಒಂದೊಂದು ತಾಂಬೂಲದ ಚೀಲ ಹೋಯಿತು. ಬಟ್ಟೆ ನೇಯ್ದವಳ ಚೀಲ ಮಾತ್ರ ಉಳಿಯಿತು.

ಅವತ್ತಿನಿಂದ ಹಾಲಮ್ಮ ನೇಯ್ದ ಬಟ್ಟೆಯನ್ನು ಹಿತ್ತಿಲ ಕಟ್ಟೆಯ ಮೇಲೆ ಇಟ್ಟು ಹೋಗುವಳು. ಶಾಂತಕ್ಕ ನೂಲನ್ನೂ ಸಂತೆ ಸಾಮಾನನ್ನೂ ಅದೇ ಕಟ್ಟೆಯ ಮೇಲೆ ಇಡುವಳು. ತಪ್ಪಾಯಿತು ಅನ್ನಲು ಇವಳಿಗೆ ಬಾಯಿ ಬರಲಿಲ್ಲ, ಬೈದು ಮುಗಿಸಲು ಅವಳಿಗೆ ಮನಸ್ಸಾಗಲಿಲ್ಲ. ನಾನು ಎಷ್ಟೋ ಸಲ, "ಒಂದು ಮಾತು ಅಂದ್ರೆ ನಿನ್ನ ನಾಲಿಗಿ ಏನು ಸವೀತೈತಾ?" ಎಂದು ರೇಗಿದ್ದೇನೆ. ನಾಳೆ ನೋಡೋಣ ಅನ್ನುತ್ತಿದ್ದಳು. ಆ ನಾಳೆಯ ಮೇಲೆ ನನಗೆ ಈಗಲೂ ಸಿಟ್ಟಿದೆ.

ಹೋದ ಸಂಕ್ರಾಂತಿಯ ಹೊತ್ತಿಗೆ ಶಾಂತಕ್ಕ ಒಂದು ಬಟ್ಟೆ ಸುರುಳಿ ತಂದು ನನ್ನ ಮುಂದೆ ಹಾಸಿದಳು. ಮೊದಲೆಲ್ಲ ಮೊಳ, ಒಂದೂವರೆ ಮೊಳಕ್ಕೆ ಒಂದು ಕೆಂಪು ಎಳೆ ಬರುತ್ತಿತ್ತು. ಇದರಲ್ಲಿ ಗೇಣಿಗೊಂದು ಇತ್ತು. ಮುಂದೆ ನಾಲ್ಕು ಬೆರಳಿಗೊಂದು. ಕೊನೆಗೆ ಎರಡೇ ಬೆರಳು ನೇಯ್ದು ಎದ್ದಿದ್ದಳು.

"ನೋಡು, ಬೇಕಂತಲೇ ಬಟ್ಟೆ ಕೆಡಿಸ್ತಾಳೆ. ಇಷ್ಟು ಗೆರೆ ನಾನು ಎಲ್ಲಿ ಮುಚ್ಚಲಿ? ಹನ್ನೊಂದು ವರ್ಷ ಆದ್ರೂ ಹೊಟ್ಟೆಕಿಚ್ಚು ಆರಿಲ್ಲ," ಅಂದಳು.

ನಾನೂ ತಲೆಯಾಡಿಸಿದೆ. ಹೌದೌದು, ಹೊಟ್ಟೆಕಿಚ್ಚೇ, ಎಂದೆ. ಆ ಮಾತು ನನ್ನ ಬಾಯಿಂದ ಬಂದದ್ದನ್ನು ನಾನು ಮರೆಯಲಾರೆ.

ಮಾಘದ ಒಂದು ಮಧ್ಯಾಹ್ನ ಮೂರರ ಸುಮಾರಿಗೆ ಆ ಕಡೆಯ ಸದ್ದು ನಡುವಿನಲ್ಲೇ ನಿಂತಿತು. ಅಕ್ಕ ಎದ್ದ ಸದ್ದಿಲ್ಲ, ಕೊಡದ ಸದ್ದಿಲ್ಲ. ಶಾಂತಕ್ಕ ಒಂದು ಗಳಿಗೆ ಮಿಷನ್ ನಿಲ್ಲಿಸಿ ಕಾದಳು. ಆಮೇಲೆ ಎದ್ದು ಓಡಿದಳು, ಹಿಂದೆ ನಾನು. ಹಾಲಮ್ಮ ಗುಂಡಿಯಲ್ಲಿ ಕಾಲು ಇಳಿಬಿಟ್ಟುಕೊಂಡೇ, ನೇಯ್ದ ಬಟ್ಟೆಯ ಮೇಲೆ ಹಣೆ ಇಟ್ಟಿದ್ದಳು. ಬಲಗೈ ಸೊಂಟಕ್ಕೆ ಹೋಗಿತ್ತು. ಬೆರಳುಗಳ ನಡುವೆ ಕೆಂಪು ಕಂಡಿಕೆ ಅರ್ಧ ಹೊರಗೆ ಬಂದಿತ್ತು. ಎಳೆ ಹಾಕಿ ಏಳಬೇಕೆಂದಿದ್ದಳು, ಅಷ್ಟರಲ್ಲಿ ಜೀವ ಹೋಗಿತ್ತು.

ಅವಳ ಟ್ರಂಕಿನಲ್ಲಿ ಆಸ್ಪತ್ರೆಯ ಚೀಟಿಗಳು ಸಿಕ್ಕವು. ಎದೆಗುಂಡಿಗೆ ಊದಿಕೊಂಡಿತ್ತಂತೆ. ಆರು ತಿಂಗಳಿನಿಂದ ಒಬ್ಬಳೇ ಹೋಗಿ ತೋರಿಸಿಕೊಂಡು ಬರುತ್ತಿದ್ದಳು. ಆ ಚೀಟಿ ಓದಿದ್ದು ನಾನೇ. ಶಾಂತಕ್ಕ ಒಳಗೆ ಹೋಗಿ, ಮಾರಾಟವಾಗದೆ ಉಳಿದಿದ್ದ ಚೀಲಗಳನ್ನೆಲ್ಲ ತಂದು, ಬ್ಲೇಡಿನಿಂದ ಒಂದೊಂದರ ತಳ ಬಿಚ್ಚತೊಡಗಿದಳು. ಒಳಗೆ ಕೆಂಪು ಗೆರೆಗಳು ಒತ್ತೊತ್ತಾಗಿ ಇದ್ದವು. ಉಸಿರು ಸಾಲದೆ ಅಕ್ಕ ಎದ್ದ ಒಂದೊಂದು ಸಲವನ್ನೂ ಇವಳು ಮಡಚಿ ಒಳಗೆ ಸೇರಿಸಿ ಹೊಲಿದುಬಿಟ್ಟಿದ್ದಳು. ನನಗೆ ಅಲ್ಲಿ ಕೂರಲಾಗಲಿಲ್ಲ.

ಅವರ ಜನದಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ವಿಭೂತಿ ಗಟ್ಟಿ, ಬಿಲ್ವಪತ್ರೆ ಹಾಕುವಾಗ ಶಾಂತಕ್ಕ ಸೆರಗಿನಿಂದ ಕೆಂಪು ಕಂಡಿಕೆ ತೆಗೆದು ಅಕ್ಕನ ಸೊಂಟಕ್ಕೆ ಸಿಕ್ಕಿಸಿದಳು. ಅವಳ ಸಾಮಾನು ಅವಳ ಸಂಗಡ ಇರಲಿ ಎಂದಳು. ಹನ್ನೊಂದು ವರ್ಷ ಅಕ್ಕನಿಗೆ ಏನನ್ನೂ ಕೈಯಾರೆ ಕೊಡದವಳು ಕೊಟ್ಟ ಒಂದೇ ವಸ್ತು ಅದು. ನಮಗೆಲ್ಲ ಕಣ್ಣು ತುಂಬಿ ಬಂತು. ಅದೇ ದೊಡ್ಡ ತಪ್ಪಾಯಿತು ಎಂದು ಆಗ ಯಾರಿಗೂ ಹೊಳೆಯಲಿಲ್ಲ.

ಯುಗಾದಿ ಕಳೆದು ಬಿಸಿಲು ಏರಿದ ಮೇಲೆ ಒಂದು ಮಧ್ಯಾಹ್ನ ನಾನು ಫಾಲ್ ಹಚ್ಚುತ್ತಿದ್ದಾಗ ಎದುರು ಮನೆಯಿಂದ ಮಗ್ಗದ ಸದ್ದು ಬಂತು. ಶಾಂತಕ್ಕ ಅಕ್ಕನ ಕೆಲಸ ಮುಂದುವರಿಸಿದ್ದಾಳೆ, ಒಳ್ಳೆಯದಾಯಿತು ಅಂದುಕೊಂಡೆ. ಅವಳಿಗೂ ಸಣ್ಣವಳಿದ್ದಾಗ ಅಪ್ಪ ನೇಯ್ಗೆ ಕಲಿಸಿದ್ದ. ಸಂಜೆ ಹೋಗಿ ಅದನ್ನೇ ಕೇಳಿದೆ.

"ನಿನಗೂ ಕೇಳ್ತಾ?" ಅಂದಳು. "ನಾನು ಆ ಕಡೆ ಕಾಲೇ ಇಟ್ಟಿಲ್ಲ, ಸುಧಾ. ನನಗೆ ತಲೆ ಕೆಟ್ಟೈತೆ ಅಂದ್ಕಂಡಿದ್ದೆ."

ನನ್ನ ಅನುಮಾನ ಅವಳ ಮೇಲೇ ಇತ್ತು. ದುಃಖದಲ್ಲಿ ಮನುಷ್ಯರು ಏನು ಮಾಡುತ್ತಿದ್ದೇವೆಂದು ತಿಳಿಯದೆ ಏನೇನೋ ಮಾಡುತ್ತಾರೆ. ಆ ಕಡೆ ಹೋಗಿ, ಬಟ್ಟೆ ನೇಯ್ದು ನಿಂತ ಜಾಗಕ್ಕೆ ನನ್ನ ನೀಲಿ ಚಾಕಿನಿಂದ ಒಂದು ಗೆರೆ ಎಳೆದೆ. ಬಾಗಿಲಿಗೆ ನನ್ನ ಮನೆಯ ಬೀಗ ಹಾಕಿ, ಕೀಲಿಯನ್ನು ನನ್ನ ತಾಳಿ ಸರಕ್ಕೆ ಕಟ್ಟಿಕೊಂಡೆ. ಈಗ ಯಾವ ದೆವ್ವ ಬರುತ್ತೋ ನೋಡೋಣ ಎಂದು ನಕ್ಕೆ ಕೂಡ.

ಮಾರನೆಯ ದಿನ ಶಾಂತಕ್ಕ ನಮ್ಮ ಮನೆಗೆ ಬಂದಿದ್ದಳು. ನನ್ನ ಎದುರಿಗೇ ಕೂತು ಮಂಡಕ್ಕಿ ತಿನ್ನುತ್ತಿದ್ದಳು. ಮೂರು ಗಂಟೆಗೆ ಸದ್ದು ಶುರುವಾಯಿತು. ಹಲಗೆ ತುಳಿದದ್ದು, ಲಾಳಿ ಓಡಿದ್ದು, ದಬ್ಬೆಂದು ಹೊಡೆದದ್ದು, ಎಲ್ಲ ಬೇರೆ ಬೇರೆಯಾಗಿ ಕೇಳಿತು. ಶಾಂತಕ್ಕನ ಕೈ ತಟ್ಟೆ ಮತ್ತು ಬಾಯಿಯ ನಡುವೆ ನಿಂತಿತು. ಆದರೆ ನನ್ನ ಹಾಳು ಹಟ ನೋಡಿ, ಎದ್ದು ಹೋಗಿ ಬೀಗ ತೆಗೆದೆ.

ತೆಗೆಯುತ್ತಿದ್ದಂತೆ ಸದ್ದು ನಿಂತಿತು. ಒಳಗೆ ಯಾರೂ ಇರಲಿಲ್ಲ. ಲಾಳಿಯ ಹಗ್ಗ ಇನ್ನೂ ಸಣ್ಣಗೆ ತೂಗುತ್ತಿತ್ತು. ನನ್ನ ನೀಲಿ ಗೆರೆ ಬಟ್ಟೆಯೊಳಗೆ ನಾಲ್ಕು ಬೆರಳು ಹಿಂದೆ ಸರಿದಿತ್ತು. ಅದರ ಮುಂದೆ ಹೊಸ ಬಟ್ಟೆ ಬಂದಿತ್ತು, ಹಾಲಮ್ಮನದೇ ಗಟ್ಟಿ ಕೈ. ನಾನು ಬಗ್ಗಿ ಗುಂಡಿಯ ಅಂಚಿನ ಗೋಣಿತಟ್ಟು ಮುಟ್ಟಿ ನೋಡಿದೆ. ಈಗಷ್ಟೇ ಯಾರೋ ಎದ್ದುಹೋದ ಜಾಗದ ಹಾಗೆ ಬೆಚ್ಚಗಿತ್ತು. ಆದರೆ ಯಾರೂ ಎದ್ದುಹೋಗಿರಲಿಲ್ಲ.

ಮಗ್ಗ ಮಾರಿಬಿಡು ಎಂದು ನಾನೇ ಹೇಳಿದೆ. ಹಳೆ ಮರ ಕೊಳ್ಳುವ ನಿಂಗರಾಜ್ ಬಂದ. ಮರ ಚೆನ್ನಾಗಿದೆ ಎನ್ನುತ್ತ ಗುಂಡಿಗೆ ಇಳಿಯಲು ಒಂದು ಕಾಲು ಹಾಕಿದವನು ಹಾಗೇ ಹಿಂದಕ್ಕೆ ತೆಗೆದುಕೊಂಡ.

"ಬ್ಯಾಡ ಬಿಡ್ರಿ ಅಕ್ಕಾರೆ," ಅಂದ. "ಕುಂತಾರಲ್ರಿ."

ಯಾರು ಎಂದು ಕೇಳುವಷ್ಟರಲ್ಲಿ ಗಾಡಿ ಹತ್ತಿದ್ದ. ಅವನಿಗೆ ಈ ಮನೆಯ ಸುದ್ದಿ ಯಾರೂ ಹೇಳಿರಲಿಲ್ಲ.

ಅವತ್ತು ಶಾಂತಕ್ಕ ಮಗ್ಗದ ಮುಂದೆ ಕೂತು ಬಟ್ಟೆಯನ್ನು ಇಂಚು ಇಂಚಾಗಿ ನೋಡಿದಳು. ಅಕ್ಕ ಸತ್ತ ಮೇಲೆ ಬಂದ ಬಟ್ಟೆ ಮೂರು ಮೊಳ ಇತ್ತು. ಅಚ್ಚ ಬಿಳಿ, ಒಂದು ಕೆಂಪು ಎಳೆಯೂ ಇಲ್ಲ. ಅಷ್ಟು ಚೊಕ್ಕ ಬಟ್ಟೆಯನ್ನು ಅವಳು ಜನ್ಮದಲ್ಲೇ ಕಂಡಿರಲಿಲ್ಲ.

"ಎದ್ದೇ ಇಲ್ಲ," ಅಂದಳು. "ಸುಧಾ, ಅವಳು ಅವತ್ತಿಂದ ಎದ್ದೇ ಇಲ್ಲ."

"ದಿನಾ ಸದ್ದು ನಿಲ್ತೈತಲ್ಲ?"

"ಸದ್ದು ನಿಂತ್ರೆ ಕೈ ನಿಂತೈತೆ ಅಂತ. ಆಕಿ ಇಲ್ಲೇ ಕುಂತಿರ್ತಾಳೆ. ಎಳೆ ಹಾಕದೆ ಹೆಂಗೆ ಏಳ್ತಾಳೆ? ಕಂಡಿಕೆ ನಾನೇ ಮಣ್ಣಿಗೆ ಹಾಕಿ ಬಂದೆ."

ಇನ್ನೂ ಹಗಲು ಬೆಳಕಿತ್ತು, ಹೊರಗೆ ಸೊಪ್ಪಿನವಳು ಕೂಗುತ್ತಿದ್ದಳು. ನಾವಿಬ್ಬರೂ ಕೂತಿದ್ದ ಜಾಗಕ್ಕೂ ಗುಂಡಿಗೂ ಒಂದು ಮೊಳ ಅಂತರವಿತ್ತು. ನಾನು ಸರಿದು ಕೂತೆ.

ಮಗ್ಗದ ಮೇಲೆ ಇನ್ನು ಒಂದು ಗೇಣು ಹಾಸು, ಅಂದರೆ ನೇಯದ ಉದ್ದೆಳೆ, ಉಳಿದಿತ್ತು. ಅದು ಮುಗಿದರೆ ನೇಯಲು ಏನೂ ಇರುವುದಿಲ್ಲ, ಏಳಲೂ ಆಗುವುದಿಲ್ಲ. ಬರಿ ಮಗ್ಗದ ಮುಂದೆ ಅಕ್ಕ ಕೂತೇ ಇರುತ್ತಾಳೆ ಎಂಬ ಭಯ ಶಾಂತಕ್ಕನಿಗೆ ಹಿಡಿಯಿತು. ನನ್ನ ಹತ್ತಿರ ಎಂಟು ಥರದ ಕೆಂಪು ದಾರ ಇದೆ, ಯಾವುದು ಬೇಕೋ ತಗೋ ಎಂದೆ. ಅವಳು ಒಪ್ಪಲಿಲ್ಲ. ಅದು ಈ ಮನೆಯಲ್ಲಿ ಬಣ್ಣ ಹಾಕಿದ ನೂಲೇ ಆಗಬೇಕು, ಪೇಟೆಯ ದಾರವನ್ನು ಅಕ್ಕ ಮುಟ್ಟುವುದಿಲ್ಲ ಅಂದಳು. ಆ ಬಣ್ಣ ಹಾಕುವುದು ಹಾಲಮ್ಮನಿಗೆ ಮಾತ್ರ ಗೊತ್ತಿತ್ತು. ಚೀಲಗಳ ತಳದ ಎಳೆಗಳು ಅಕ್ಕ ಆಗಲೇ ಎದ್ದ ಲೆಕ್ಕ, ಅವನ್ನು ಕೀಳಬಾರದು ಅಂದಳು.

ಆಮೇಲೆ ಅವಳು ತನ್ನ ಕಡೆ ಹೋಗಿ, ಬೀರುವಿನ ತಳದಿಂದ ಒಂದು ಚೀಲ ತಂದಳು. ಕೆಂಪು ಅಂಚಿನ ತಾಂಬೂಲದ ಚೀಲ. ಮುನ್ನೂರರಲ್ಲಿ ಉಳಿದ ಒಂದು. ಹನ್ನೊಂದು ವರ್ಷದ ಹಿಂದಿನ ತೆಂಗಿನಕಾಯಿ ಒಳಗೆ ಒಣಗಿ ಗಲಗಲ ಅನ್ನುತ್ತಿತ್ತು, ಎಲೆ ಅಡಿಕೆ ಪುಡಿಯಾಗಿತ್ತು.

"ಕೊಡಬೇಕು ಅಂತಲೇ ಇಟ್ಟಿದ್ದೆ," ಅಂದಳು.

ಸೂಜಿಯ ಮೊನೆಯಿಂದ ಅಂಚಿನ ಕೆಂಪು ಎಳೆಗಳನ್ನು ಒಂದೊಂದಾಗಿ ಬಿಡಿಸಿದಳು. ಅಪ್ಪ ಕಲಿಸಿದಂತೆ ಎಳೆಯ ತುದಿಗೆ ಎಳೆಯ ತುದಿ ಹೊಸೆದು ಕೂಡಿಸಿ ಹೊಸ ಕಂಡಿಕೆಗೆ ಸುತ್ತಿದಳು. ಅದನ್ನು ಒಯ್ದು, ಗುಂಡಿಯ ಅಂಚಿನಲ್ಲಿ, ಬಲಗೈ ಇರುವ ಕಡೆ ಇಟ್ಟಳು. ಪಕ್ಕದಲ್ಲಿ ಆ ಚೀಲ, ಅದರೊಳಗೆ ಹೊಸ ಕಾಯಿ, ಹೊಸ ಎಲೆ. ನಾನು ಬಾಗಿಲ ಹತ್ತಿರ ನಿಂತಿದ್ದೆ.

ಖಾಲಿ ಮಗ್ಗದ ಮುಂದೆಯೂ ತಪ್ಪಾಯಿತು ಅನ್ನುವುದು ಅವಳಿಗೆ ಕಷ್ಟವಾಯಿತು.

"ಅಕ್ಕಾ," ಅಂದಳು ಕೊನೆಗೆ. "ಅವತ್ತು ಛತ್ರದಾಗೆ ನಾನು ಹಂಗೆ ಅನಬಾರದಿತ್ತು. ಅವರು ಮಾರಿ ಕಿವುಚಿದ್ರು, ನಾನು ಹೆದರಿದೆ. ತಪ್ಪಾತು. ನೀನು ಉಸಿರು ಕಟ್ಟಿ ಏಳೋದು ಬಟ್ಟಿಯಾಗೆ ಬರೆದು ಕಳಿಸಿದಿ, ನಾನು ಹೊಟ್ಟೆಕಿಚ್ಚು ಅಂದೆ. ಎಳಿ ತಂದೀನಿ. ಏಳಕ್ಕ, ಸಾಕು. ಎದ್ದು ಸ್ವಲ್ಪ ನೀರು ಕುಡಿ."

ಏನೂ ಆಗಲಿಲ್ಲ. ಹಗ್ಗ ಅಲುಗಲಿಲ್ಲ, ಸದ್ದೂ ಬರಲಿಲ್ಲ. ಬೀಗ ಹಾಕಿ, ಕೀಲಿಯನ್ನು ನನ್ನ ಸರಕ್ಕೇ ಕಟ್ಟಿಕೊಂಡೆ.

ಮರುದಿನ ಮಧ್ಯಾಹ್ನ ಇಬ್ಬರೂ ಅವಳ ಮನೆಯ ಕಡೆ, ಗೋಡೆಗೆ ಬೆನ್ನು ಕೊಟ್ಟು ಕೂತೆವು. ಮೂರಾಯಿತು. ಮೂರೂವರೆ ಆಯಿತು. ಮಗ್ಗ ಮಾತಾಡಲಿಲ್ಲ. ನಾಲ್ಕಕ್ಕೆ ಶಾಂತಕ್ಕ ಎದ್ದು ಮುಖ ತೊಳೆದು, ತಲೆ ಬಾಚಿಕೊಂಡು, ಹಣೆಗೆ ವಿಭೂತಿ ಇಟ್ಟುಕೊಂಡಳು. ಯಾರನ್ನೋ ನೋಡಲು ಹೊರಟವಳಂತೆ ಅವಳ ಮುಖದಲ್ಲಿ ಒಂದು ಆಸೆ ಇತ್ತು. ಅದನ್ನು ನೋಡಿ ನನಗೆ ಮಗ್ಗದ ಸದ್ದಿಗಿಂತ ಹೆಚ್ಚು ಹೆದರಿಕೆಯಾಯಿತು.

ಬೀಗ ತೆಗೆದೆ. ಮೊದಲು ಗೋಣಿತಟ್ಟು ಮುಟ್ಟಿದೆ, ತಣ್ಣಗಿತ್ತು. ಕಂಡಿಕೆ ಇಟ್ಟಲ್ಲೇ ಇತ್ತು, ಆದರೆ ಬರೀ ಕಡ್ಡಿ. ಉಳಿದಿದ್ದ ಒಂದು ಗೇಣು ಹಾಸು ಪೂರ್ತಿ ಬಟ್ಟೆಯಾಗಿತ್ತು. ಯಾವ ಸದ್ದಿನಲ್ಲಿ ನೇಯ್ದಳೋ, ಇಷ್ಟು ಹತ್ತಿರವಿದ್ದ ನಮಗೆ ಕೇಳಲಿಲ್ಲ. ಶಾಂತಕ್ಕ ಬಗ್ಗಿ ಬಟ್ಟೆಯ ಕೊನೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು.

ಅಲ್ಲಿ ಎರಡು ಕೆಂಪು ಎಳೆ ಇದ್ದವು.

ಅವಳು ಬೆರಳಿನಿಂದ ಮುಟ್ಟಿ ಎಣಿಸಿದಳು, ಮತ್ತೆ ಎಣಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಒಂದು ಹಾಕಿರ್ತಾಳೆ ಅಂದ್ಕಂಡಿದ್ದೆ," ಅಂದಳು.

ಅಕ್ಕನನ್ನು ಎಬ್ಬಿಸಲು ಅಷ್ಟೆಲ್ಲ ಮಾಡಿದವಳು, ಅಕ್ಕ ಮತ್ತೆ ಬರಲಿ ಎಂದೂ ಕಾದಿದ್ದಳು. ಎಂದೂ ಶಾಂತಕ್ಕನನ್ನು ಮುಟ್ಟದ ನಾನು ಅವತ್ತು ತಬ್ಬಿಕೊಂಡು ಕೂತೆ. ಎದೆ ಬಿರಿಯುವಂತೆ ಅತ್ತಳು. ಅತ್ತು ಮುಗಿದ ಮೇಲೆ ನನ್ನ ಕತ್ತರಿ ಕೇಳಿ ಇಸಿದುಕೊಂಡು, ಅಪ್ಪನ ಪದ್ಧತಿಯಂತೆ ಎರಡು ಎಳೆಯ ಪಕ್ಕದಲ್ಲೇ ಕತ್ತರಿಸಿದಳು.

ಆ ಬಟ್ಟೆಯಲ್ಲಿ ಒಂದೇ ಒಂದು ಚೀಲ ಹೊಲಿದಳು. ಕೆಂಪು ಗೆರೆಗಳನ್ನು ಈ ಸಲ ತಳಕ್ಕೆ ಮಡಚಲಿಲ್ಲ, ಮುಂಭಾಗದ ನಟ್ಟನಡುವೆ ಕಾಣುವಂತೆ ಇಟ್ಟಳು. ಹರಿಹರಕ್ಕೆ ಮಗಳ ಮನೆಗೆ ಹೋಗುವಾಗ ಅದನ್ನೇ ಹಿಡಿದುಕೊಂಡು ಹೋಗುತ್ತಾಳೆ. ಬಸ್ಸಿನಲ್ಲಿ ಯಾರೋ, ಬಟ್ಟೆ ಛಲೋ ಐತೆ, ಆದ್ರೆ ಮಧ್ಯದಾಗೆ ಇದ್ಯಾಕ ಗೆರೆ ಬಿದ್ದಾವೆ ಎಂದು ಕೇಳಿದರಂತೆ.

"ನಮ್ಮಕ್ಕ ಎದ್ದು ಹೋಗ್ಯಾಳೆ," ಅಂದಳಂತೆ ಇವಳು.